ಜಾಗ ಎಲ್ಲಿ ಹೋಯಿತು? ಲಿನಕ್ಸ್ ಸರ್ವರಿನ ಡಿಸ್ಕ್ ತುಂಬಿದಾಗ

2023ರ ಆಗಸ್ಟ್ 29ರಂದು ಜಪಾನಿನಲ್ಲಿ ಟೊಯೊಟಾ ಕಂಪನಿಯ 14 ಕಾರ್ಖಾನೆಗಳು ಒಟ್ಟಿಗೆ ನಿಂತುಹೋದವು. ಅವುಗಳ 28 ಉತ್ಪಾದನಾ ಸಾಲುಗಳಲ್ಲಿ ಒಂದರಲ್ಲೂ ಕಾರು ಮುಂದೆ ಸರಿಯಲಿಲ್ಲ. ಸೈಬರ್ ದಾಳಿಯೇ ಇರಬೇಕೆಂದು ಹಲವರು ಊಹಿಸಿದರು. ಕೆಲವು ದಿನಗಳ ನಂತರ ಕಂಪನಿ ತಿಳಿಸಿದ ಕಾರಣ ತೀರ ಸಪ್ಪೆಯಾಗಿತ್ತು: ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರುಗಳಲ್ಲಿ ಡಿಸ್ಕ್ ಜಾಗ ಸಾಲದೆ ಹೋಗಿತ್ತು. ಎರಡು ದಿನ ಮುಂಚೆ ನಿಯಮಿತ ನಿರ್ವಹಣೆಯ ಕೆಲಸ ನಡೆದಿತ್ತು. ಡೇಟಾಬೇಸಿನಲ್ಲಿ ಸೇರಿಕೊಂಡಿದ್ದ ಮಾಹಿತಿಯನ್ನು ಅಳಿಸಿ ಒಪ್ಪ ಮಾಡುವಾಗಲೇ ಜಾಗ ಮುಗಿದು ವ್ಯವಸ್ಥೆ ಕುಸಿಯಿತು. ಬದಲಿ ಸರ್ವರೂ ಅದೇ ವ್ಯವಸ್ಥೆಯಲ್ಲಿ ಓಡುತ್ತಿದ್ದುದರಿಂದ ಅದೂ ಕೈಕೊಟ್ಟಿತು. ದೊಡ್ಡ ಡಿಸ್ಕಿರುವ ಬೇರೊಂದು ಸರ್ವರಿಗೆ ಮಾಹಿತಿ ಸಾಗಿಸಿದ ಮೇಲೆಯೇ ಕೆಲಸ ಮತ್ತೆ ಶುರುವಾಯಿತು.

ಡಿಸ್ಕ್ ತುಂಬುವ ಕಾಯಿಲೆಗೆ ಕಂಪನಿ ದೊಡ್ಡದು ಚಿಕ್ಕದು ಎಂಬ ಭೇದವಿಲ್ಲ, ಆಪರೇಟಿಂಗ್ ಸಿಸ್ಟಮ್ಮಿನ ಭೇದವೂ ಇಲ್ಲ. ಆದರೆ ಲಿನಕ್ಸಿನಲ್ಲಿ ಈ ಕಾಯಿಲೆಯ ಮೂಲ ಹುಡುಕಲು ಬೇಕಾದ ಸಲಕರಣೆಗಳೆಲ್ಲ ಟರ್ಮಿನಲ್ಲಿನಲ್ಲೇ ಇವೆ. ಹೆಚ್ಚಿನವು ಮೊದಲೇ ಇನ್‌ಸ್ಟಾಲ್ ಆಗಿರುತ್ತವೆ. ಬಾಕಿ ಒಂದೆರಡು ಬಿಟ್ಟಿಯಾಗಿ ಸಿಗುತ್ತವೆ. (ಇಲ್ಲಿ ಕಮಾಂಡುಗಳ ಹೆಸರನ್ನು ಅಕ್ಷರ ಉಚ್ಚರಿಸಿದಂತೆ ಕನ್ನಡದಲ್ಲೇ ಕೊಟ್ಟಿದೆ. ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಬೇಕು; ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದೆ.)

ಜಾಗ ಮುಗಿದಾಗ ಲಿನಕ್ಸ್ ಆಡುವ ಮಾತು ಚಿಕ್ಕದು: ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್. ಲಿನಕ್ಸಿನ ತಿರುಳಾದ ಕರ್ನಲ್ಲಿನ ಪಟ್ಟಿಯಲ್ಲಿ ಇದು 28ನೇ ಸಂಖ್ಯೆಯ ದೋಷ. ಆದರೆ ಈ ಮಾತು ನೇರವಾಗಿ ಕಣ್ಣಿಗೆ ಬೀಳುವುದು ಅಪರೂಪ. ಮೊದಲು ಬರುವುದು ದೂರುಗಳು. ಜಾಲತಾಣದ ಮುಖಪುಟ ತೆರೆಯುತ್ತದೆ, ಲಾಗಿನ್ ಮಾತ್ರ ಆಗುವುದಿಲ್ಲ. ಏಕೆಂದರೆ ಲಾಗಿನ್ ಆದವರ ಗುರುತನ್ನು ಬರೆದಿಡಲು ಜಾಗವಿಲ್ಲ. ಮೈಎಸ್‌ಕ್ಯುಎಲ್ ಡೇಟಾಬೇಸ್ ಕ್ರ್ಯಾಶ್ ಆಗುವ ಬದಲು, ಜಾಗ ಸಿಕ್ಕಿತೇ ಎಂದು ನಿಮಿಷಕ್ಕೊಮ್ಮೆ ನೋಡುತ್ತ ಸುಮ್ಮನೆ ಕಾಯುತ್ತದೆ, ಹೊರಗಿನವರಿಗೆ ಅದು ಹೆಪ್ಪುಗಟ್ಟಿದಂತೆ ಕಾಣುತ್ತದೆ. ಸರಿಪಡಿಸಲು ಟರ್ಮಿನಲ್ಲಿಗೆ ಹೋದವರು ಫೈಲಿನ ಹೆಸರು ಪೂರ್ತಿಯಾಗಲೆಂದು ಟ್ಯಾಬ್ ಒತ್ತಿದರೆ ಅದಕ್ಕೂ ಬೈಗುಳ ಬರುವುದುಂಟು, ಬ್ಯಾಶ್ ಶೆಲ್ಲಿಗೆ ಆ ಕೆಲಸಕ್ಕೂ ಒಂದು ತಾತ್ಕಾಲಿಕ ಫೈಲ್ ಬೇಕಾಗುತ್ತದೆ.

ಇಂಥ ಹೊತ್ತಿನಲ್ಲಿ ಕೈ ತಾನಾಗಿ ಅಳಿಸುವ ಕಮಾಂಡಿನ ಕಡೆ ಹೋಗುತ್ತದೆ. ಹೋಗಬಾರದು. ಮೊದಲು ಅಳೆಯಬೇಕು. ಲಿನಕ್ಸಿನಲ್ಲಿ ಡಿಸ್ಕ್ ಅಳೆಯುವ ಕಮಾಂಡುಗಳು ಹಲವಾರಿವೆ, ಒಂದೊಂದೂ ಅಳೆಯುವ ವಸ್ತು ಬೇರೆ. ಎರಡು ಕಮಾಂಡುಗಳ ಉತ್ತರ ತಾಳೆಯಾಗದೆ ಹೋದರೆ ಗಾಬರಿ ಬೀಳಬೇಕಿಲ್ಲ. ಕಳೆದುಹೋದ ಜಾಗ ಆ ವ್ಯತ್ಯಾಸದಲ್ಲೇ ಸಿಗುತ್ತದೆ.

ಮೊದಲನೆಯದು ಡಿಎಫ್. ಇದರ ವಯಸ್ಸು ಲಿನಕ್ಸಿಗಿಂತ ಎರಡು ದಶಕ ಹೆಚ್ಚು. ಲಿನಸ್ ಟೊರ್ವಾಲ್ಡ್ಸ್ ತಮ್ಮ ಕರ್ನಲ್ ಪ್ರಕಟಿಸಿದ್ದು 1991ರಲ್ಲಿ. ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿ 1971ರಲ್ಲಿ ಸಿದ್ಧವಾದ ಯುನಿಕ್ಸಿನ ಮೊದಲ ಕೈಪಿಡಿಯಲ್ಲೇ ಡಿಎಫ್ ಇತ್ತು, ಅದರ ಜೊತೆಗಾರ ಡಿಯು ಕೂಡ ಇತ್ತು. ಅಂದಿನಿಂದ ಇಂದಿನವರೆಗೆ ಸರ್ವರ್ ನೋಡಿಕೊಳ್ಳುವ ಅಡ್ಮಿನ್‌ಗಳು ಮೊದಲು ಒತ್ತುವುದು ಈ ಎರಡನ್ನೇ.

ಡಿಎಫ್ -ಎಚ್ ಎಂದು ಕೊಟ್ಟರೆ ಪ್ರತಿ ಫೈಲ್‌ಸಿಸ್ಟಮ್ಮಿನ ಒಟ್ಟು ಗಾತ್ರ, ಬಳಕೆ, ಉಳಿಕೆ, ಶೇಕಡಾವಾರು ಮತ್ತು ಅದನ್ನು ಎಲ್ಲಿ ಜೋಡಿಸಿದೆ ಎಂಬ ವಿವರ ಒಂದೊಂದು ಸಾಲಿನಲ್ಲಿ ಬರುತ್ತದೆ. ಆ ಎಚ್ ಇಲ್ಲದಿದ್ದರೆ ಅಂಕಿಗಳು ಕಿಲೋಬೈಟಿನಲ್ಲಿ ಉದ್ದುದ್ದಕ್ಕೆ ಬರುತ್ತವೆ. ಉಬುಂಟು ಬಳಸುವ ಹೊಸಬರು ಇಲ್ಲಿ ಒಂದು ಸಲ ಹೌಹಾರುವುದು ಮಾಮೂಲು: ಲೂಪ್ ಎಂಬ ಹೆಸರಿನ ಹತ್ತಾರು ಸಾಲುಗಳು 100 ಪ್ರತಿಶತ ತುಂಬಿರುವಂತೆ ತೋರುತ್ತವೆ. ಅವು ಸ್ನ್ಯಾಪ್ ಪ್ಯಾಕೇಜುಗಳು. ಓದಲು ಮಾತ್ರ ಬರುವಂತೆ ಬಿಗಿಯಾಗಿ ಕಟ್ಟಿದ ಪೊಟ್ಟಣಗಳಾದ್ದರಿಂದ ಅವು ಯಾವಾಗಲೂ 100 ಪ್ರತಿಶತ ತುಂಬಿಯೇ ಇರುತ್ತವೆ. ಟೆಂಪ್‌ಎಫ್‌ಎಸ್ ಎಂಬ ಸಾಲುಗಳು ಮೆಮೊರಿಯಲ್ಲಿ ಇರುವಂಥವು, ಡಿಸ್ಕಿಗೆ ಸಂಬಂಧವಿಲ್ಲ. ಡಿಎಫ್ -ಎಚ್ -ಎಕ್ಸ್ ಟೆಂಪ್‌ಎಫ್‌ಎಸ್ -ಎಕ್ಸ್ ಸ್ಕ್ವಾಶ್‌ಎಫ್‌ಎಸ್ ಎಂದರೆ ಈ ಎರಡು ಬಗೆಯ ಸಾಲುಗಳೂ ಮರೆಯಾಗಿ, ನೋಡಬೇಕಾದವು ಉಳಿಯುತ್ತವೆ.

ಡಿಎಫ್ ಕೊಡುವ ಲೆಕ್ಕದಲ್ಲೇ ಒಂದು ಗುಟ್ಟಿದೆ. ಬಳಕೆಯನ್ನೂ ಉಳಿಕೆಯನ್ನೂ ಕೂಡಿಸಿದರೆ ಒಟ್ಟು ಗಾತ್ರ ಬರುವುದಿಲ್ಲ. ಎಕ್ಸ್ಟ್4 ಫೈಲ್‌ಸಿಸ್ಟಮ್ ತಯಾರಿಸುವಾಗ ಶೇ. 5ರಷ್ಟು ಜಾಗವನ್ನು ಎಲ್ಲ ಅಧಿಕಾರವುಳ್ಳ ರೂಟ್ ಬಳಕೆದಾರನಿಗಾಗಿ ಎತ್ತಿಡಲಾಗುತ್ತದೆ. ಸಾಮಾನ್ಯ ಪ್ರೋಗ್ರಾಮುಗಳು ಡಿಸ್ಕನ್ನು ತುಂಬಿಸಿಬಿಟ್ಟರೂ ಅಡ್ಮಿನ್ ಒಳಹೊಕ್ಕು ಸರಿಪಡಿಸಲು ಸಾಧ್ಯವಾಗಲಿ ಎಂಬುದು ಇದರ ಉದ್ದೇಶ. ಜಾಲತಾಣಕ್ಕೆ ಬರೆಯಲು ಆಗುತ್ತಿಲ್ಲ, ರೂಟ್ ಅಧಿಕಾರ ಕೊಡುವ ಸುಡೊ ಹಾಕಿದರೆ ಬರೆಯಬಹುದು ಎಂಬ ವಿಚಿತ್ರ ಸ್ಥಿತಿಗೆ ಎಷ್ಟೋ ಸಲ ಇದೇ ಕಾರಣ. 40 ಜಿಬಿ ಡಿಸ್ಕಿನಲ್ಲಿ 2 ಜಿಬಿ ಮೀಸಲು ಎಂದರೆ ನ್ಯಾಯ. ಆದರೆ ಬರೀ ಬ್ಯಾಕಪ್ ಇಡಲೆಂದು ತಂದ 4 ಟಿಬಿ ಡಿಸ್ಕಿನಲ್ಲಿ ಅದು ಸುಮಾರು 200 ಜಿಬಿ ಆಗುತ್ತದೆ. ಅಂಥ ಕಡೆ ಟ್ಯೂನ್2ಎಫ್‌ಎಸ್ -ಎಂ 1 ಎಂದು ಕೊಟ್ಟು, ಮುಂದೆ ಆ ಡಿಸ್ಕಿನ ಹೆಸರು ಬರೆದರೆ ಮೀಸಲು ಶೇ. 1ಕ್ಕೆ ಇಳಿಯುತ್ತದೆ. ಮಾಹಿತಿಗೆ ಧಕ್ಕೆಯಿಲ್ಲ. ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕಿನಲ್ಲಿ ಮಾತ್ರ ಇದನ್ನು ಮುಟ್ಟದಿರುವುದೇ ಒಳ್ಳೆಯದು.

ಯಾವ ಫೈಲ್‌ಸಿಸ್ಟಮ್ ತುಂಬಿದೆ ಎಂಬುದು ಡಿಎಫ್‌ನಿಂದ ಗೊತ್ತಾದ ಮೇಲೆ, ಯಾರು ತುಂಬಿದರು ಎಂದು ಕೇಳಬೇಕಾದದ್ದು ಡಿಯುವನ್ನು. ಅದು ಫೋಲ್ಡರಿನಿಂದ ಫೋಲ್ಡರಿಗೆ ಇಳಿದು ಒಂದೊಂದು ಫೈಲನ್ನೂ ಎಣಿಸುತ್ತದೆ. ಹೀಗಾಗಿ ಡಿಎಫ್ ಕ್ಷಣದಲ್ಲಿ ಉತ್ತರ ಕೊಟ್ಟರೆ, ಡಿಯು ದೊಡ್ಡ ಡಿಸ್ಕಿನಲ್ಲಿ ಹಲವು ನಿಮಿಷ ತೆಗೆದುಕೊಳ್ಳುತ್ತದೆ. ಅಡ್ಮಿನ್‌ಗಳ ಬೆರಳಿಗೆ ಅಂಟಿಕೊಂಡ ಸಾಲು ಇದು: ಸುಡೊ ಡಿಯು -ಎಕ್ಸ್‌ಎಚ್ --ಮ್ಯಾಕ್ಸ್-ಡೆಪ್ತ್=1 / | ಸಾರ್ಟ್ -ಎಚ್.

ಈ ಸಾಲಿನಲ್ಲಿ ಒಂದೂ ವ್ಯರ್ಥ ಅಕ್ಷರವಿಲ್ಲ. ಸುಡೊ ಇಲ್ಲದಿದ್ದರೆ ಅನುಮತಿಯಿಲ್ಲದ ಫೋಲ್ಡರುಗಳನ್ನು ಡಿಯು ಬಿಟ್ಟುಬಿಡುತ್ತದೆ. ಕಳ್ಳ ಅಲ್ಲೇ ಇದ್ದರೆ ಸಿಗುವುದಿಲ್ಲ. ಎಕ್ಸ್ ಎಂಬುದು ಒಂದೇ ಫೈಲ್‌ಸಿಸ್ಟಮ್ಮಿನ ಒಳಗಿರು ಎಂಬ ಕಟ್ಟಪ್ಪಣೆ. ಅದಿಲ್ಲದಿದ್ದರೆ ಡಿಯು ನೆಟ್‌ವರ್ಕಿನಲ್ಲಿ ಜೋಡಿಸಿದ ಬೇರೆ ಸರ್ವರಿನ ಡಿಸ್ಕಿಗೂ ನುಗ್ಗಿ ಗಂಟೆಗಟ್ಟಲೆ ಎಣಿಸುತ್ತ ಕೂರಬಹುದು. ನಡುವಿನ ಲಂಬ ಗೆರೆಗೆ ಪೈಪ್ ಎಂದು ಹೆಸರು. ಒಂದು ಪ್ರೋಗ್ರಾಮಿನ ಉತ್ತರವನ್ನು ಅದು ಇನ್ನೊಂದಕ್ಕೆ ಹರಿಸುತ್ತದೆ. ಬೆಲ್ ಲ್ಯಾಬ್ಸಿನ ಡಗ್ ಮ್ಯಾಕಿಲ್‌ರಾಯ್ ಬೆನ್ನುಬಿಡದೆ ಕೇಳಿದ್ದಕ್ಕೆ ಕೆನ್ ಥಾಂಪ್ಸನ್ 1973ರಲ್ಲಿ ಇದನ್ನು ಯುನಿಕ್ಸಿಗೆ ಸೇರಿಸಿದರು. ಸಾರ್ಟ್ -ಎಚ್ ಮಾತ್ರ ಈಚಿನದು, 2009ರದು. 900 ಎಂಬಿಗಿಂತ 2 ಜಿಬಿ ದೊಡ್ಡದು ಎಂಬ ಸಾಮಾನ್ಯ ಜ್ಞಾನ ಅದಕ್ಕಿಂತ ಮುಂಚೆ ಸಾರ್ಟ್‌ಗೆ ಇರಲಿಲ್ಲ, ಜನ ಕಿಲೋಬೈಟಿನ ಅಂಕಿಗಳನ್ನೇ ನೋಡಿಕೊಂಡು ಏಗುತ್ತಿದ್ದರು.

ಉತ್ತರದ ಕೊನೆಯ ಸಾಲುಗಳಲ್ಲಿ ದೊಡ್ಡ ಫೋಲ್ಡರುಗಳ ಹೆಸರಿರುತ್ತದೆ. ಅದರೊಳಗೆ ಹೋಗಿ ಮತ್ತೆ ಇದೇ ಕಮಾಂಡ್, ಮತ್ತೆ ಒಳಗೆ. ಮೂರು ನಾಲ್ಕು ಸುತ್ತಿನಲ್ಲಿ ಸಾಮಾನ್ಯವಾಗಿ ಮೂಲ ಸಿಕ್ಕಿಬಿಡುತ್ತದೆ. ಈ ಹತ್ತಿಳಿಯುವ ಕೆಲಸ ಬೇಸರವೆನಿಸಿದರೆ ಎನ್‌ಸಿಡಿಯು ಎಂಬ ಪ್ರೋಗ್ರಾಮ್ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಅದು ಒಮ್ಮೆ ಎಣಿಸಿ, ಬಾಣದ ಕೀಲಿಗಳಿಂದ ಓಡಾಡಲು ಬಿಡುತ್ತದೆ. ಡಿಸ್ಕ್ ಪೂರ್ತಿ ತುಂಬಿದ ಮೇಲೆ ಅದನ್ನು ಇನ್‌ಸ್ಟಾಲ್ ಮಾಡಲೂ ಜಾಗವಿರುವುದಿಲ್ಲ ಎಂಬುದನ್ನು ನೆನಪಿಟ್ಟು, ಸರ್ವರ್ ಹೊಸದಿರುವಾಗಲೇ ಹಾಕಿಟ್ಟುಕೊಂಡರೆ ಲಾಭ. ಒಂದೇ ಭಾರಿ ಫೈಲಿನ ಅನುಮಾನವಿದ್ದರೆ ಸುಡೊ ಫೈಂಡ್ / -ಎಕ್ಸ್‌ಡೆವ್ -ಟೈಪ್ ಎಫ್ -ಸೈಜ್ +1ಜಿ ಎಂಬ ಸಾಲು ಸಾಕು. ಇಲ್ಲಿ ಜಿ ದೊಡ್ಡಕ್ಷರ. 1 ಜಿಬಿ ಮೀರಿದ ಫೈಲುಗಳೆಲ್ಲ ಪಟ್ಟಿಯಾಗುತ್ತವೆ.

ಮಾಮೂಲಿ ಅಪರಾಧಿಗಳು ಕೆಲವೇ. /ವರ್/ಲಾಗ್ ಒಳಗಿನ ಲಾಗ್ ಫೈಲುಗಳು, ಪ್ರೋಗ್ರಾಮುಗಳನ್ನು ಕಂಟೇನರುಗಳಲ್ಲಿ ಓಡಿಸುವ ಡಾಕರ್ ಕೂಡಿಹಾಕಿದ ಹಳೆಯ ಇಮೇಜುಗಳು, ಯಾರೋ ಮನೆಫೋಲ್ಡರಿನಲ್ಲಿ ಬಿಟ್ಟುಹೋದ ಡೇಟಾಬೇಸ್ ಬ್ಯಾಕಪ್, /ಬೂಟ್ ಒಳಗಿನ ಹಳೆಯ ಕರ್ನಲ್‌ಗಳು. ಡಾಕರಿನದು ಸ್ವಲ್ಪ ಮೋಸದ ಸಂಗತಿ. ಕಂಟೇನರುಗಳ ಲಾಗ್ ಫೈಲಿಗೆ ಅದು ತಾನಾಗಿ ಯಾವ ಗಾತ್ರದ ಮಿತಿಯನ್ನೂ ಹಾಕುವುದಿಲ್ಲ. ಸೆಟ್ಟಿಂಗಿನಲ್ಲಿ ಮ್ಯಾಕ್ಸ್-ಸೈಜ್ ಬರೆಯದೆ ಬಿಟ್ಟ ಸರ್ವರುಗಳಲ್ಲಿ ಒಂದೇ ಹರಟೆಮಲ್ಲ ಕಂಟೇನರ್ ಇಡೀ ಡಿಸ್ಕ್ ತಿನ್ನಬಲ್ಲದು.

ಇಷ್ಟರಲ್ಲಿ ಸಮಸ್ಯೆ ಬಗೆಹರಿದರೆ ಸರಿ. ಬಗೆಹರಿಯದ ಪ್ರಕರಣಗಳೇ ಹೆಚ್ಚು ಸ್ವಾರಸ್ಯದವು.

ಡಿಎಫ್ 50 ಜಿಬಿ ತುಂಬಿದೆ ಎನ್ನುತ್ತದೆ, ಡಿಯು ಎಲ್ಲ ಎಣಿಸಿ 20 ಜಿಬಿ ಎನ್ನುತ್ತದೆ ಎಂದುಕೊಳ್ಳೋಣ. 30 ಜಿಬಿ ಎಲ್ಲಿ? ಎರಡೂ ಸುಳ್ಳು ಹೇಳುತ್ತಿಲ್ಲ. ಡಿಎಫ್ ಫೈಲ್‌ಸಿಸ್ಟಮ್ಮಿನ ಖಾತೆ ಪುಸ್ತಕ ನೋಡಿ ಉತ್ತರಿಸುತ್ತದೆ, ಡಿಯು ಹೆಸರಿರುವ ಫೈಲುಗಳನ್ನಷ್ಟೇ ನೋಡಬಲ್ಲದು. ಅಂದರೆ ಜಾಗ ಹಿಡಿದಿದ್ದೂ ಹೆಸರಿಲ್ಲದ ಏನೋ ಅಲ್ಲಿದೆ.

ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಆರ್‌ಎಂ ಕಮಾಂಡ್ ಫೈಲನ್ನು ನಾಶ ಮಾಡುವುದಿಲ್ಲ. ಫೋಲ್ಡರಿನ ಪಟ್ಟಿಯಿಂದ ಅದರ ಹೆಸರನ್ನು ಮಾತ್ರ ಹೊಡೆದುಹಾಕುತ್ತದೆ. ಆ ಫೈಲಿಗೆ ಬೇರೆ ಹೆಸರೂ ಇಲ್ಲದೆ, ಯಾವ ಪ್ರೋಗ್ರಾಮೂ ಅದನ್ನು ತೆರೆದಿಟ್ಟುಕೊಳ್ಳದೆ ಇದ್ದಾಗಲೇ ಕರ್ನಲ್ ಜಾಗವನ್ನು ಬಿಡುಗಡೆ ಮಾಡುತ್ತದೆ. ವೆಬ್ ಸರ್ವರ್ 30 ಜಿಬಿ ಲಾಗ್ ಬರೆದಿದೆ, ಅಡ್ಮಿನ್ ಅವಸರದಲ್ಲಿ ಅದನ್ನು ಅಳಿಸುತ್ತಾರೆ. ವೆಬ್ ಸರ್ವರ್ ಮಾತ್ರ ಫೈಲನ್ನು ಮುಚ್ಚಿಲ್ಲ, ಅದೇ ಹೆಸರಿಲ್ಲದ ಫೈಲಿಗೆ ಸಾಲು ಸಾಲು ಬರೆಯುತ್ತಲೇ ಇದೆ. ಡಿಯುವಿಗೆ ಅದು ಕಾಣದು, ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಗೂ ಕಾಣದು. ಡಿಸ್ಕ್ ತುಂಬಿಯೇ ಇರುತ್ತದೆ. ಅಳಿಸಿದವರು ತಲೆ ಕೆರೆದುಕೊಳ್ಳುತ್ತಾರೆ.

ಇದನ್ನು ಹಿಡಿಯುವ ಸಲಕರಣೆ ಎಲ್‌ಎಸ್‌ಒಎಫ್. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಕ್ ಏಬಲ್ ಬರೆದ ಈ ಪ್ರೋಗ್ರಾಮ್, ತೆರೆದಿರುವ ಫೈಲುಗಳನ್ನೆಲ್ಲ ಪಟ್ಟಿ ಮಾಡುತ್ತದೆ. ಸುಡೊ ಎಲ್‌ಎಸ್‌ಒಎಫ್ +ಎಲ್1 ಎಂದು ಕೊಟ್ಟರೆ (ಇಲ್ಲಿ ಕೂಡು ಚಿಹ್ನೆಯ ಪಕ್ಕದ ಎಲ್ ದೊಡ್ಡಕ್ಷರ) ಒಂದು ಹೆಸರೂ ಉಳಿಯದ, ಆದರೂ ತೆರೆದಿರುವ ಫೈಲುಗಳು ಮಾತ್ರ ಬರುತ್ತವೆ. ಯಾವ ಪ್ರೋಗ್ರಾಮ್, ಅದರ ಪ್ರೊಸೆಸ್ ಸಂಖ್ಯೆ ಎಷ್ಟು, ಫೈಲಿನ ಗಾತ್ರವೆಷ್ಟು ಎಲ್ಲವೂ ಅಲ್ಲಿರುತ್ತದೆ. ಮದ್ದು ಸುಲಭ: ಸಿಸ್ಟಮ್‌ಸಿಟಿಎಲ್ ಮೂಲಕ ಆ ಸೇವೆಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿದರೆ 30 ಜಿಬಿ ತಕ್ಷಣ ಮರಳುತ್ತದೆ. ಇಡೀ ಸರ್ವರನ್ನು ರೀಬೂಟ್ ಮಾಡಿದರೂ ಅದೇ ಆಗುತ್ತದೆ, ರೀಬೂಟ್ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೆ ಇದೂ ಒಂದು ಆಧಾರ.

ಮೊದಲೇ ಜಾಣತನ ತೋರಿದ್ದರೆ ಇಷ್ಟು ಬೇಕಿರಲಿಲ್ಲ. ಓಡುತ್ತಿರುವ ಪ್ರೋಗ್ರಾಮಿನ ಲಾಗ್ ಫೈಲನ್ನು ಅಳಿಸುವ ಬದಲು ಬರಿದು ಮಾಡಬೇಕು. ಟ್ರಂಕೇಟ್ -ಎಸ್ 0 ಎಂದು ಕೊಟ್ಟು ಫೈಲಿನ ಹೆಸರು ಬರೆದರೆ, ಫೈಲ್ ಹಾಗೇ ಉಳಿದು ಒಳಗಿನ ಹೂರಣ ಹೋಗುತ್ತದೆ, ಜಾಗವೂ ಆ ಕ್ಷಣಕ್ಕೆ ಸಿಗುತ್ತದೆ.

ಡಿಎಫ್, ಡಿಯು ಜಗಳಕ್ಕೆ ಇನ್ನೊಂದು ಕಾರಣವುಂಟು, ಅದು ಅಪರೂಪವಾದರೂ ತಲೆ ತಿನ್ನುವಂಥದ್ದು. /ಬ್ಯಾಕಪ್ ಎಂಬ ಫೋಲ್ಡರಿಗೆ ರಾತ್ರಿ ಹೊತ್ತು ಬೇರೆ ಡಿಸ್ಕ್ ಜೋಡಿಸಿ ಅದರಲ್ಲಿ ಬ್ಯಾಕಪ್ ಬರೆಯುವ ಏರ್ಪಾಡಿದೆ ಎಂದುಕೊಳ್ಳೋಣ. ಒಂದು ರಾತ್ರಿ ಜೋಡಣೆ ವಿಫಲವಾಯಿತು. ಬ್ಯಾಕಪ್ ಸ್ಕ್ರಿಪ್ಟಿಗೆ ಅದು ಗೊತ್ತಾಗದೆ ಮೂಲ ಡಿಸ್ಕಿನ ಅದೇ ಹೆಸರಿನ ಖಾಲಿ ಫೋಲ್ಡರಿಗೇ ಎಲ್ಲವನ್ನೂ ಬರೆದಿಟ್ಟಿತು. ಮರುದಿನ ಡಿಸ್ಕ್ ಸರಿಯಾಗಿ ಜೋಡಣೆಯಾಯಿತು, ಅದರಡಿಯಲ್ಲಿ ಹಳೆಯ ಫೈಲುಗಳು ಮುಚ್ಚಿಹೋದವು. ಇವನ್ನು ನೋಡಲು ಸುಡೊ ಮೌಂಟ್ --ಬೈಂಡ್ / /ಎಂಎನ್‌ಟಿ ಎಂದು ಮೂಲ ಫೈಲ್‌ಸಿಸ್ಟಮ್ಮನ್ನು ಇನ್ನೊಂದು ಕಡೆಯಿಂದ ತೆರೆಯಬೇಕು. ಅಲ್ಲಿ ಮೇಲುಹೊದಿಕೆಯ ಡಿಸ್ಕ್ ಇರುವುದಿಲ್ಲ, ಅಡಗಿದ್ದದ್ದು ಕಾಣುತ್ತದೆ.

ಇನ್ನು ಮೂರನೆಯ ಬಗೆ. ಡಿಎಫ್ -ಎಚ್ ಅರ್ಧ ಖಾಲಿ ಎನ್ನುತ್ತದೆ, ಡಿಯುವೂ ಒಪ್ಪುತ್ತದೆ, ಆದರೂ 28ನೇ ದೋಷ ಹೋಗುವುದಿಲ್ಲ. ಆಗ ನೋಡಬೇಕಾದದ್ದು ಡಿಎಫ್ -ಐ. ಎಕ್ಸ್ಟ್4ನಲ್ಲಿ ಪ್ರತಿ ಫೈಲಿಗೂ ಐನೋಡ್ ಎಂಬ ಒಂದು ದಾಖಲೆ ಬೇಕು. ಮಾಲೀಕ ಯಾರು, ಅನುಮತಿ ಏನು, ಮಾಹಿತಿ ಡಿಸ್ಕಿನ ಯಾವ ಭಾಗದಲ್ಲಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಎಷ್ಟು ಐನೋಡ್ ಎಂಬುದು ಫೈಲ್‌ಸಿಸ್ಟಮ್ ತಯಾರಿಸುವ ದಿನವೇ ನಿಗದಿಯಾಗುತ್ತದೆ. ಸಾಮಾನ್ಯ ಲೆಕ್ಕ 16 ಕಿಲೋಬೈಟಿಗೆ ಒಂದು. ಹೀಗೆ 100 ಜಿಬಿ ಡಿಸ್ಕಿಗೆ ಸುಮಾರು 65 ಲಕ್ಷ. ಚಿಲ್ಲರೆ ಫೈಲುಗಳು ಅಷ್ಟಾದರೆ, ಜಾಗ ಎಷ್ಟಿದ್ದರೂ ಹೊಸ ಫೈಲ್ ಹುಟ್ಟುವುದಿಲ್ಲ. ಪಿಎಚ್‌ಪಿ ಜಾಲತಾಣಗಳ ಸೆಷನ್ ಫೈಲುಗಳು, ರವಾನೆಯಾಗದೆ ಉಳಿದ ಮೇಲ್‌ಗಳು, ಶುಚಿ ಮಾಡದ ಕ್ಯಾಶ್ ಫೋಲ್ಡರುಗಳು ಈ ಸ್ಥಿತಿ ತರುತ್ತವೆ. ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಐನೋಡುಗಳನ್ನು ಬೇಕಾದಂತೆ ಹುಟ್ಟಿಸಿಕೊಳ್ಳುವುದರಿಂದ ಅಲ್ಲಿ ಈ ಪೀಡೆ ಕಡಿಮೆ.

ಫೈಲುಗಳ ಗಾತ್ರಕ್ಕಿಂತ ಅವುಗಳ ಸಂಖ್ಯೆಯೇ ಕಾಟ ಕೊಟ್ಟ ಪ್ರಸಿದ್ಧ ಪ್ರಕರಣ ನಡೆದದ್ದು ಮಂಗಳ ಗ್ರಹದಲ್ಲಿ. ನಾಸಾದ ಸ್ಪಿರಿಟ್ ರೋವರ್ 2004ರ ಜನವರಿಯಲ್ಲಿ ಇಳಿದ ಕೆಲವೇ ದಿನಗಳಲ್ಲಿ ಸರಿಯಾಗಿ ಉತ್ತರಿಸುವುದನ್ನು ನಿಲ್ಲಿಸಿ, ಮತ್ತೆ ಮತ್ತೆ ರೀಬೂಟ್ ಆಗತೊಡಗಿತು. ಫ್ಲ್ಯಾಶ್ ಮೆಮೊರಿಯಲ್ಲಿ ಫೈಲುಗಳು ವಿಪರೀತ ಸೇರಿ, ಅವುಗಳ ಪಟ್ಟಿಯನ್ನು ಹಿಡಿದಿಡಲು ಕೆಲಸದ ಮೆಮೊರಿ ಸಾಲದಾಗಿತ್ತು. ಅದರಲ್ಲಿ ಓಡುತ್ತಿದ್ದದ್ದು ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್. ಆದರೂ ಭೂಮಿಯಿಂದ ಎಂಜಿನಿಯರುಗಳು ಮಾಡಿದ್ದು ಇಲ್ಲಿನ ಅಡ್ಮಿನ್‌ಗಳು ಮಾಡುವುದನ್ನೇ: ಫ್ಲ್ಯಾಶ್ ಮುಟ್ಟದೆ ಬೂಟ್ ಮಾಡಿಸಿ, ಬೇಡದ ಫೈಲುಗಳನ್ನು ಅಳಿಸಿದರು.

ಯಾವ ಫೋಲ್ಡರಿನಲ್ಲಿ ಫೈಲುಗಳ ಸಂತೆ ನೆರೆದಿದೆ ಎಂದು ತಿಳಿಯಲು ಡಿಯು --ಐನೋಡ್ಸ್ ಇದೆ. ಅದು ಗಾತ್ರದ ಬದಲು ಸಂಖ್ಯೆ ಎಣಿಸುತ್ತದೆ. ಸಿಕ್ಕ ಮೇಲೆ ಆರ್‌ಎಂ ಜೊತೆ ನಕ್ಷತ್ರ ಚಿಹ್ನೆ ಹಾಕಿ ಅಳಿಸಲು ಹೊರಟರೆ, ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್ ಎಂದು ವ್ಯವಸ್ಥೆ ಕೈಯೆತ್ತಬಹುದು. ಲಕ್ಷಾಂತರ ಹೆಸರುಗಳನ್ನು ಶೆಲ್ ಒಂದೇ ಸಾಲಿಗೆ ತುಂಬಲು ಹೋಗಿದ್ದರ ಫಲ ಅದು. ಇಲ್ಲಿ ಫೈಂಡ್ ಬೇಕು: ಫೋಲ್ಡರಿನ ಹೆಸರು, ನಂತರ -ಟೈಪ್ ಎಫ್ -ಎಂಟೈಮ್ +7, ಕೊನೆಗೆ -ಡಿಲೀಟ್. ಹೀಗೆ ಬರೆದರೆ ವಾರಕ್ಕಿಂತ ಹಳೆಯ ಫೈಲುಗಳು ಹೋಗುತ್ತವೆ. -ಡಿಲೀಟ್ ಎಂಬುದು ಕಟ್ಟಕಡೆಗೇ ಬರಬೇಕು. ಅದನ್ನು ಮುಂದಕ್ಕೆ ಹಾಕಿದರೆ ಫೈಂಡ್ ಉಳಿದ ಷರತ್ತು ನೋಡುವ ಮೊದಲೇ ಎಲ್ಲವನ್ನೂ ಅಳಿಸುತ್ತದೆ. -ಡಿಲೀಟ್ ಜಾಗದಲ್ಲಿ -ಪ್ರಿಂಟ್ ಬರೆದು ಪಟ್ಟಿಯನ್ನು ಒಮ್ಮೆ ಕಣ್ಣಾರೆ ನೋಡುವ ಶಿಸ್ತನ್ನು ಯಾರೂ ಬಿಡಬಾರದು.

ಎಲ್‌ಎಸ್ ಕೂಡ ಗಾತ್ರ ಹೇಳುತ್ತದೆಯಲ್ಲ, ಅದನ್ನೇ ನಂಬಿದರೆ ಸಾಲದೇ? ಸಾಲದು. ಒಂದು ಪ್ರಯೋಗ ಮಾಡಬಹುದು. ಖಾಲಿ ಫೈಲಿನಲ್ಲಿ, ಸಾಲು ಮುರಿಯದೆ, ಕನ್ನಡ ಎಂಬ ಒಂದೇ ಪದ ಬರೆದು ಉಳಿಸಿದರೆ ಡಬ್ಲ್ಯುಸಿ -ಎಂ ಅದರಲ್ಲಿ 5 ಅಕ್ಷರ ಎಣಿಸುತ್ತದೆ, ಒತ್ತಕ್ಷರದೊಳಗಿನ ಹಲಂತ ಚಿಹ್ನೆಯೂ ಸೇರಿ. ಡಬ್ಲ್ಯುಸಿ -ಸಿ ಮತ್ತು ಎಲ್‌ಎಸ್ -ಎಲ್ ಎರಡೂ 15 ಬೈಟ್ ಎನ್ನುತ್ತವೆ, ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಚಿಹ್ನೆಗೆ 3 ಬೈಟ್ ಬೇಕು. ಡಿಯು ಮಾತ್ರ 4 ಕಿಲೋಬೈಟ್ ಎನ್ನುತ್ತದೆ, ಏಕೆಂದರೆ ಎಕ್ಸ್ಟ್4 ಸಾಮಾನ್ಯವಾಗಿ 4 ಕಿಲೋಬೈಟಿಗಿಂತ ಚಿಕ್ಕ ತುಂಡಿನಲ್ಲಿ ಜಾಗ ಕೊಡುವುದಿಲ್ಲ. ಡಿಸ್ಕ್ ತುಂಬಿದಾಗ ಲೆಕ್ಕಕ್ಕೆ ಬರುವುದು ಡಿಯು ಹೇಳಿದ ಅಂಕಿ. ಉಲ್ಟಾ ಪ್ರಕರಣವೂ ಇದೆ: ವರ್ಚುವಲ್ ಮಷೀನುಗಳ ಡಿಸ್ಕ್ ಫೈಲುಗಳಂಥವು ನಡುನಡುವೆ ಪೊಳ್ಳಾಗಿರುವುದರಿಂದ ಎಲ್‌ಎಸ್ ಅವನ್ನು 100 ಜಿಬಿ ಎಂದರೂ ಡಿಯು 8 ಜಿಬಿ ಎನ್ನಬಹುದು.

ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರು ಇದೇ 3 ಬೈಟಿನ ಲೆಕ್ಕದಿಂದ ಇನ್ನೊಂದು ಗೋಡೆಗೆ ಬಡಿಯುತ್ತಾರೆ. ಎಕ್ಸ್ಟ್4ನಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನಲ್ಲಿ ಅದು 255 ಅಕ್ಷರ, ಕನ್ನಡದಲ್ಲಿ ಸ್ವರಚಿಹ್ನೆ, ಹಲಂತ ಎಲ್ಲ ಸೇರಿ 85. ಲೇಖನದ ಪೂರ್ತಿ ಶೀರ್ಷಿಕೆ, ಲೇಖಕರ ಹೆಸರು, ಸಂಚಿಕೆ ಎಲ್ಲವನ್ನೂ ಫೈಲಿನ ಹೆಸರಿಗೇ ತುಂಬುವ ಪತ್ರಿಕಾಲಯಗಳಿಗೆ ಫೈಲ್ ನೇಮ್ ಟೂ ಲಾಂಗ್ ಎಂಬ ದೂರು ಬರುವುದು ಇದರಿಂದ. ಡಿಸ್ಕ್ ಖಾಲಿ ಮಾಡಿದರೆ ಅದು ಹೋಗುವುದಿಲ್ಲ.

ಈಗ ಅಳಿಸುವ ಮಾತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರೊಬ್ಬರು ಬದಲಿ ಡೇಟಾಬೇಸ್ ಸರ್ವರಿನ ಫೋಲ್ಡರ್ ಅಳಿಸಲು ಹೋಗಿ, ಮುಖ್ಯ ಸರ್ವರಿನದನ್ನು ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಸುಮಾರು 6 ಗಂಟೆಗಳ ಮಾಹಿತಿ ಮರಳಿ ಬರಲೇ ಇಲ್ಲ. ಸಂಸ್ಥೆ ಇಡೀ ಘಟನೆಯನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಅದು ಎಲ್ಲರಿಗೂ ಪಾಠವಾಯಿತು. ಅಳಿಸುವ ಮೊದಲು ಹೋಸ್ಟ್‌ನೇಮ್ ಎಂದು ಟೈಪ್ ಮಾಡಿ, ಕೂತಿರುವುದು ಯಾವ ಸರ್ವರಿನಲ್ಲಿ ಎಂದು ಖಾತ್ರಿ ಮಾಡಿಕೊಳ್ಳಲು ಎರಡು ಸೆಕೆಂಡು ಸಾಕು. 2015ರಲ್ಲಿ ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಸ್ಕ್ರಿಪ್ಟಿನಲ್ಲಿ ಸಿಕ್ಕ ದೋಷವೂ ಇಂಥದ್ದೇ. ಫೋಲ್ಡರಿನ ಹೆಸರು ಇರಬೇಕಾದ ವೇರಿಯಬಲ್ ಖಾಲಿಯಾಗಿದ್ದಾಗ, ಅಳಿಸುವ ಸಾಲು ಡಿಸ್ಕಿನ ಬೇರಿನಿಂದಲೇ ಶುರುಮಾಡುತ್ತಿತ್ತು.

ಪ್ಯಾಕೇಜುಗಳಿಗೆ ಸೇರಿದ್ದನ್ನು ಪ್ಯಾಕೇಜ್ ವ್ಯವಸ್ಥೆಯ ಕೈಯಲ್ಲೇ ತೆಗೆಸಬೇಕು. ಉಬುಂಟು, ಡೆಬಿಯನ್‌ನಲ್ಲಿ ಆಪ್ಟ್ ಕ್ಲೀನ್ ಇಳಿಸಿಕೊಂಡ ಪ್ಯಾಕೇಜ್ ಫೈಲುಗಳನ್ನು ತೆಗೆಯುತ್ತದೆ, ಆಪ್ಟ್ ಆಟೊರಿಮೂವ್ ಹಳೆಯ ಕರ್ನಲ್‌ಗಳನ್ನು ತೆಗೆಯುತ್ತದೆ. ಡೇಟಾಬೇಸಿನ ಫೋಲ್ಡರಿಗಂತೂ ಆರ್‌ಎಂ ಹಿಡಿದು ಹೋಗಲೇಬಾರದು. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಪಿಜಿ_ಎಕ್ಸ್‌ಲಾಗ್ ಎಂಬ ಫೋಲ್ಡರ್ ಇತ್ತು. ಡೇಟಾಬೇಸಿನ ಜೀವವೇ ಅದರಲ್ಲಿದ್ದರೂ, ಹೆಸರಿನಲ್ಲಿ ಲಾಗ್ ಎಂದಿದ್ದ ಕಾರಣ ಡಿಸ್ಕ್ ತುಂಬಿದಾಗ ಜನ ಅದನ್ನು ಅಳಿಸಿ ಡೇಟಾಬೇಸ್ ಕಳೆದುಕೊಳ್ಳುತ್ತಿದ್ದರು. ಕಡೆಗೆ 2017ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಅದನ್ನು ಪಿಜಿ_ವಾಲ್ ಎಂದು ಮರುನಾಮಕರಣ ಮಾಡಿದರು.

ಸಿಸ್ಟಮ್‌ಡಿ ಬಳಸುವ ಸರ್ವರುಗಳಲ್ಲಿ ಜರ್ನಲ್‌ಸಿಟಿಎಲ್ --ಡಿಸ್ಕ್-ಯೂಸೇಜ್ ಎಂದರೆ ಜರ್ನಲ್ ಎಂಬ ಅದರ ಲಾಗ್ ಎಷ್ಟು ಜಾಗ ಹಿಡಿದಿದೆ ಎಂದು ತಿಳಿಯುತ್ತದೆ, --ವ್ಯಾಕ್ಯೂಮ್-ಸೈಜ್=500ಎಂ ಎಂದರೆ ಹಳೆಯದು ಹೋಗಿ ಅಷ್ಟಕ್ಕೆ ಇಳಿಯುತ್ತದೆ (ಇಲ್ಲೂ ಎಂ ದೊಡ್ಡಕ್ಷರ). ಜರ್ನಲ್ ಸ್ವಭಾವತಃ ಫೈಲ್‌ಸಿಸ್ಟಮ್ಮಿನ ಶೇ. 10ರವರೆಗೆ, ಹೆಚ್ಚೆಂದರೆ 4 ಜಿಬಿವರೆಗೆ ಬೆಳೆಯುತ್ತದೆ. 20 ಜಿಬಿಯ ಅಗ್ಗದ ಕ್ಲೌಡ್ ಸರ್ವರಿನಲ್ಲಿ ಅದರ ಪಾಲು 2 ಜಿಬಿ ಎಂದರೆ ದುಂದು. ಬೇರೆ ಲಾಗ್‌ಗಳನ್ನು ಕಾಲಕಾಲಕ್ಕೆ ಕತ್ತರಿಸಿ, ಒತ್ತಿ, ಹಳೆಯದನ್ನು ಎಸೆಯುವ ಕೆಲಸ ಲಾಗ್‌ರೊಟೇಟ್‌ನದು. ಅದು ಇನ್‌ಸ್ಟಾಲ್ ಆದ ಪ್ಯಾಕೇಜುಗಳ ಲಾಗ್‌ಗಳನ್ನು ನೋಡಿಕೊಳ್ಳುತ್ತದೆ. ಸಂಸ್ಥೆಯವರೇ ಬರೆದ ಪ್ರೋಗ್ರಾಮುಗಳ ಲಾಗ್‌ಗಳಿಗೆ ಯಾರಾದರೂ ಕೂತು ನಿಯಮ ಬರೆಯಬೇಕು, ಬರೆಯದೆ ಬಿಟ್ಟಿರುವುದೇ ಹೆಚ್ಚು.

ಕೆಲವು ಅಡ್ಮಿನ್‌ಗಳು ಹೊಸ ಸರ್ವರಿನಲ್ಲಿ ಫಾಲೊಕೇಟ್ -ಎಲ್ 1ಜಿ ಎಂದು ಒಂದು ಡಮ್ಮಿ ಫೈಲ್ ಮಾಡಿಟ್ಟಿರುತ್ತಾರೆ (ಎಲ್ ಸಣ್ಣದು, ಜಿ ದೊಡ್ಡದು). ಡಿಸ್ಕ್ ತುಂಬಿ ಏನೂ ತೋಚದಾಗ ಅದನ್ನು ಅಳಿಸಿದರೆ 1 ಜಿಬಿ ಉಸಿರಾಟದ ಜಾಗ ಸಿಗುತ್ತದೆ. ಒರಟು ಉಪಾಯ, ಆದರೆ ಕೆಲಸಕ್ಕೆ ಬರುತ್ತದೆ. ನಿಜಕ್ಕೂ ಡಿಸ್ಕೇ ಚಿಕ್ಕದಾಗಿದ್ದರೆ, ಡಿಸ್ಕ್ ಜಾಗವನ್ನು ವಾಲ್ಯೂಮುಗಳಾಗಿ ಹಂಚುವ ಎಲ್‌ವಿಎಂ ಇರುವ ಕಡೆ ಎಲ್‌ವಿಎಕ್ಸ್‌ಟೆಂಡ್ -ಆರ್ ಸರ್ವರ್ ನಿಲ್ಲಿಸದೆಯೇ ವಾಲ್ಯೂಮನ್ನೂ ಅದರ ಮೇಲಿನ ಫೈಲ್‌ಸಿಸ್ಟಮ್ಮನ್ನೂ ಹಿಗ್ಗಿಸುತ್ತದೆ. ಹಿಗ್ಗಿಸುವುದು ಸಲೀಸು, ಕುಗ್ಗಿಸುವುದು ಕಷ್ಟ. ಹಾಗಾಗಿ ಸ್ವಲ್ಪ ಸ್ವಲ್ಪವೇ ಹಿಗ್ಗಿಸಬೇಕು.

ಎಚ್ಚರಿಕೆಯ ಏರ್ಪಾಡಿಗೆ ದುಬಾರಿ ತಂತ್ರಾಂಶ ಬೇಕಿಲ್ಲ. ಡಿಎಫ್ --ಔಟ್‌ಪುಟ್=ಪಿಸೆಂಟ್,ಐಪಿಸೆಂಟ್,ಟಾರ್ಗೆಟ್ ಎಂಬ ಸಾಲು ಜಾಗದ ಪ್ರತಿಶತವನ್ನೂ ಐನೋಡಿನ ಪ್ರತಿಶತವನ್ನೂ ಒಟ್ಟಿಗೆ ಕೊಡುತ್ತದೆ. ಅದನ್ನು ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಮೂಲಕ ಗಂಟೆಗೊಮ್ಮೆ ಓಡಿಸಿ, ಎರಡರಲ್ಲಿ ಯಾವುದು 80 ದಾಟಿದರೂ ಸಂದೇಶ ಕಳಿಸುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಸಾಕಾಗುತ್ತದೆ. ಸಂದೇಶವನ್ನು ಅದೇ ಸರ್ವರಿನ ಮೇಲ್ ವ್ಯವಸ್ಥೆಯ ಮೂಲಕ ಕಳಿಸಿದರೆ ಮಾತ್ರ ತೊಂದರೆ: ಹೊರಡುವ ಮೇಲ್ ಮೊದಲು /ವರ್/ಸ್ಪೂಲ್‌ನಲ್ಲಿ ಫೈಲಾಗಬೇಕು, ತುಂಬಿದ ಡಿಸ್ಕಿನಲ್ಲಿ ಅದಾಗುವುದಿಲ್ಲ. ಹಾಗಾಗಿ ಆ ಸ್ಕ್ರಿಪ್ಟ್ ಎಸ್‌ಎಸ್‌ಎಚ್ ಮೂಲಕ ಬೇರೊಂದು ಯಂತ್ರದಿಂದ ಬಂದು ಡಿಎಫ್ ಕೇಳಿಕೊಂಡು ಹೋಗುವಂತೆ ಮಾಡುವುದು ಮೇಲು.